ಕಾವಿನ ಪೆಟ್ಟಿಗೆಯ ಜಾಗ

ಗುಲಾಮಹುಸೇನನ ಜನಾಜಾಕ್ಕೆ ಹೆಗಲು ಕೊಟ್ಟಿದ್ದ ಹೊನ್ನೂರಸ್ವಾಮಿಯ ಕಿಸೆಯಲ್ಲಿ ಫೋನು ಮತ್ತೆ ಗುರುಗುಟ್ಟಿತು. ಕೊಟ್ಟೂರಿನ ಆ ಓಣಿ ಇಕ್ಕಟ್ಟು. ಮೂಲೆ ತಿರುಗಿದ ಮೇಲೆ ಹೆಗಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದ.

"ಹೊನ್ನೂರಣ್ಣ, ಇಂಥಾ ಹೊತ್ತಿನ್ಯಾಗ ಕೇಳಬಾರದು," ಎಂದ ಕೂಡ್ಲಿಗಿ ರಸ್ತೆಯ ಗ್ರಾನೈಟ್ ಕಾರ್ಖಾನೆಯ ಮಾಲೀಕ ಕ್ರಾಂತಿಕುಮಾರ್. "ಸಂಜಿಗೆ ಹೊಸ ಕ್ರೇನು ಕಲ್ಲು ಎತ್ತಬೇಕು. ಗುಲಾಮಣ್ಣ ಗ್ವಾಡಿ ಮ್ಯಾಲೆ ಎರಡು ಗುರುತು ಹಾಕ್ಯಾನ. ರೆಸಿಸ್ಟರ್ ಪೆಟಗಿ ಯಾವುದಕ್ಕ ಕೂಡ್ರಸೂದು?"

"ಮಣ್ಣು ಆಗ್ಲಿ, ಹೇಳ್ತೀನ್ರಿ."

ಹೇಳುವುದೇನು, ತನ್ನ ತಲೆ. ಮೋಟಾರು ಕೂರಿಸುವ ಕೆಲಸದಲ್ಲಿ ಜಾಗ ಗೊತ್ತುಮಾಡುತ್ತಿದ್ದವನು ರಾತ್ರಿ ನಿದ್ದೆಯಲ್ಲೇ ತೀರಿಕೊಂಡ ಗುಲಾಮಹುಸೇನ. ಜೀವಮಾನವೆಲ್ಲ ಅವನ ಹಿಂದೆ ಕೇಬಲ್ ಎಳೆದವನು ಹೊನ್ನೂರಸ್ವಾಮಿ. ಭಾರ ಇಳಿಸುವಾಗ ಕ್ರೇನು ತಡೆದ ಜೋರೆಲ್ಲ ಕಾವಾಗಿ ಆ ಪೆಟ್ಟಿಗೆಯಿಂದ ಹೊರಬೀಳುತ್ತದೆ. ಮೇಲಿನ ಗುರುತಿಗೆ ಕೂರಿಸಿದರೆ ಅದರ ನೆತ್ತಿಯ ಮೇಲೆ ಹಾದುಹೋಗುವ ಕೇಬಲ್ಲು ಕರಗುತ್ತದೆ. ಕೆಳಗಿನದು ಕೂಲಿ ಹೆಂಗಸರು ಕೂತು ಉಣ್ಣುವ ಜಾಗ. ಎರಡೂ ತಪ್ಪು. ಮತ್ತೆ ಯಾಕೆ ಬರೆದ? ಕೇಳೋಣವೆಂದರೆ ಮನುಷ್ಯ ನಾಲ್ವರ ಹೆಗಲ ಮೇಲೆ ಮುಂದೆ ಹೊರಟುಹೋಗುತ್ತಿದ್ದಾನೆ. ಹೊನ್ನೂರಸ್ವಾಮಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

*

ಹಿಂದೆ ಅದೇ ಕಾರ್ಖಾನೆಯ ಮೊದಲ ಕ್ರೇನಿಗೆ ಹಾಕಿದ ಪೆಟ್ಟಿಗೆ ಕೈಗೆ ಎಟುಕುವಂತಿತ್ತು. ತಣ್ಣಗಾದ ರೊಟ್ಟಿ ಯಾರಿಗೆ ಬೇಕು? ಕೂಲಿಯ ಮಾರೆಮ್ಮ ತನ್ನ ಬುತ್ತಿಗಂಟನ್ನು ಅದರ ಮೇಲಿಟ್ಟಳು. ಬಟ್ಟೆ ಹೊತ್ತಿಕೊಂಡಿತು, ಎಳೆಯಹೋಗಿ ಅಂಗೈ ಸುಟ್ಟುಕೊಂಡಳು.

"ಬುದ್ಧಿ ಬ್ಯಾಡೇನು ನಿನಗ?" ಎಂದು ಹೊನ್ನೂರಸ್ವಾಮಿ ರೇಗಿದ.

"ಬೆಚ್ಚಗಿದ್ದಲ್ಲಿ ಬುತ್ತಿ ಇಡೂದ ಬುದ್ಧಿ ಲೇ," ಎಂದ ಗುಲಾಮಹುಸೇನ.

ಅಂದಿನಿಂದ ಅವನು ಎಲ್ಲಿ ಕೆಲಸ ಹಿಡಿದರೂ ಅರ್ಧ ದಿನ ಸುಮ್ಮನೆ ಕೂತಿರುತ್ತಿದ್ದ. ಯಾರು ಎಲ್ಲಿ ಒರಗುತ್ತಾರೆ, ಎಲ್ಲಿ ಟವೆಲ್ ಹರವುತ್ತಾರೆ ಎಂದು ನೋಡುತ್ತಿದ್ದ. ಮೈಗಳ್ಳನೆಂದು ಹರಪನಹಳ್ಳಿಯಿಂದ ಹಡಗಲಿಯವರೆಗೆ ಹೆಸರಾಯಿತು.

*

ಖಬರಸ್ತಾನದಲ್ಲಿ ಎಲ್ಲರಂತೆ ಹೊನ್ನೂರಸ್ವಾಮಿಯೂ ಮೂರು ಹಿಡಿ ಮಣ್ಣು ಹಾಕಿದ. ಸತ್ತವನ ಮಗ ಅಶ್ಫಾಕ ಪಕ್ಕಕ್ಕೆ ಬಂದು ನಿಂತ. ಇಂಥ ಹೊತ್ತಿನಲ್ಲಿ ಪೆಟ್ಟಿಗೆಯ ಮಾತು ಎತ್ತುವುದು ಹೇಗೆ? ನಾಚಿಕೆಯೆನಿಸಿದರೂ ಕೇಳಿದ.

"ಅಪ್ಪ ಆ ಗುರುತಿನ ಬಗ್ಗೆ ಏನಾರ ಅಂದಿದ್ನೇನಪಾ?"

"ರಾತ್ರಿ ಉಣ್ಣೋವಾಗ ಅಂದ್ರು ಕಾಕಾ. ಎರಡು ಕಡಿನೂ ಹಾಕಿ ನೋಡೀನಿ, ತಲಿ ಓಡವಲ್ದು. ಬೆಳಿಗ್ಗೆ ಹೊನ್ನೂರನ್ನ ಕೇಳ್ತೀನಿ ಅಂದ್ರು."

"ನನ್ನ?"

"ಹೂಂ. ಯಾವಾಗ್ಲೂ ಅವನ್ನ ಕೇಳೇ ಗುರುತು ಹಾಕ್ತೀನಿ ಅಂತಿದ್ರು."

ಹಾಗೆ ಕೇಳಿದ್ದು ಯಾವಾಗ? ಹರಟೆಯ ನಡುವೆಯೇ, ಚಹದ ಅಂಗಡಿಯಲ್ಲೇ? ಹೊನ್ನೂರಸ್ವಾಮಿಗೆ ಒಂದೂ ನೆನಪಾಗಲಿಲ್ಲ. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಕುಕ್ಕರಿಸಿ ಅತ್ತುಬಿಟ್ಟ.

*

ಮಧ್ಯಾಹ್ನ ಕಾರ್ಖಾನೆಗೆ ಹೋದಾಗ ಹೆಂಗಸರು ಉಂಡು ಏಳುತ್ತಿದ್ದರು. ಹೊನ್ನೂರಸ್ವಾಮಿ ನೆಲಕ್ಕೆ ಕೂತ. ಗೋಡೆ ನೋಡಿದ, ಜನ ನೋಡಿದ. ಏನೂ ತಿಳಿಯಲಿಲ್ಲ. ಕ್ರಾಂತಿಕುಮಾರ್ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

"ಭರಮಮ್ಮ," ಎಂದ ಹೊನ್ನೂರಸ್ವಾಮಿ ಕೊನೆಗೆ, ಎಲ್ಲರಿಗಿಂತ ಎತ್ತರದವಳಿಗೆ. "ಗ್ವಾಡಿಗೆ ನಿಂತು ಕೈ ಎತ್ತವ್ವ. ಎಷ್ಟು ಎಟುಕತೈತೋ ಅಷ್ಟು."

"ಯಾಕಣ್ಣ?"

"ನನಗೂ ಪೂರಾ ಗೊತ್ತಿಲ್ಲ. ಎತ್ತು." ಮಾಲೀಕನತ್ತ ತಿರುಗಿದ. "ಪೆಟಗಿ ಯಾರ ಕೈಗೂ ಎಟುಕದಂಗ ಮ್ಯಾಲೆ ಕೂಡ್ರಬೇಕು, ಕೇಬಲ್ಲು ಆಚಿ ಗ್ವಾಡಿಗೆ ಹೋಗ್ಬೇಕ್ರಿ. ಇವತ್ತು ಕಲ್ಲು ಎತ್ತಬ್ಯಾಡ್ರಿ."

ಭರಮಮ್ಮ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಅವಳ ಬೆರಳಿಗಿಂತ ಗೇಣು ಮೇಲೆ ಅವನು ಸೀಮೆಸುಣ್ಣದಿಂದ ಗೆರೆ ಎಳೆದ. ಮಾರೆಮ್ಮ ಬಂದು ಪಕ್ಕದಲ್ಲಿ ನಿಂತಳು. ಯಾರೂ ಕರೆಯದೆಯೇ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಗೋಡೆಯುದ್ದಕ್ಕೂ ಹೆಂಗಸರು ತೊಳೆದ ಒದ್ದೆ ಕೈಗಳನ್ನು ಮೇಲೆತ್ತಿ ನಿಂತರು.