ಹಗೇವಿಗೆ ಬಿಟ್ಟ ದೀಪ

ನನ್ನ ಬೆಳ್ಳಿ ಡಾಬಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಈ ಉಮಾಬಾಯಿ, ಅಂದರೆ ನಾನು, ಸಿಡಿಮಿಡಿಗೊಳ್ಳುತ್ತೇನೆ ಎಂದು ಎಲ್ಲರಿಗೂ ಗೊತ್ತು. ಯಾಕೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಇವತ್ತು ಹೇಳಿಬಿಡುತ್ತೇನೆ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಸಾಕು.

ಆ ಡಾಬು ತವರಿನವರು ಮದುವೆಯಲ್ಲಿ ಹಾಕಿದ್ದು. ಮನೂರಿನ ಹತ್ತಿರದ ಈ ಊರಿಗೆ ಬಂದ ಮೇಲೆ ನಾನು ಅದನ್ನು ಕಟ್ಟಿಕೊಂಡಿದ್ದು ಎರಡೇ ಸಲ. ರೊಟ್ಟಿ ಬಡಿಯುವ, ಸಗಣಿ ಬಾಚುವ ಕೆಲಸದ ನಡುವೆ ಅಷ್ಟು ತೂಕದ ಬೆಳ್ಳಿಯನ್ನು ಸೊಂಟಕ್ಕೆ ಬಿಗಿದುಕೊಂಡು ಯಾರು ತಿರುಗುತ್ತಾರೆ? ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ತಿಂಗಳುಗಟ್ಟಲೆ ಅದರ ನೆನಪೂ ಆಗುತ್ತಿರಲಿಲ್ಲ. ನೆನಪು ಮಾಡಿಕೊಟ್ಟವಳು ತಾಂಡೂರಿನ ಅಂಗಡಿಕಾರರ ಮನೆಗೆ ಸೊಸೆಯಾಗಿ ಹೋಗಿದ್ದ ನನ್ನ ನಾದಿನಿ ಕೌಶಲ್ಯಾ. ಒಮ್ಮೆ ಬಂದಾಗ ಹತ್ತು ಮಂದಿಯ ಮುಂದೆ, ವೈನಿಯ ಡಾಬಿನ ಸುದ್ದಿ ಕೇಳಿದ್ದೇನೆಯೇ ಹೊರತು ಕಣ್ಣಿಂದ ಕಂಡಿಲ್ಲ ಎಂದು ನಕ್ಕಳು. ಆ ನಗು ನನ್ನ ಹೊಟ್ಟೆಯಲ್ಲಿ ಹೊಕ್ಕು ಕೂತಿತು. ಅಂದಿನಿಂದ ಡಾಬು ನನಗೆ ಜೀವಕ್ಕಿಂತ ಹೆಚ್ಚಾಯಿತು.

ಜಹೀರಾಬಾದಿಗೆ ರೈಲು ಬಂದು ಮೂರ್ನಾಲ್ಕು ವರ್ಷವಾಗಿತ್ತು. ಆ ಸುಗ್ಗಿಯ ಹೊತ್ತಿಗೆ ನಮ್ಮೂರಲ್ಲಿ ಇಲಿ ಸತ್ತು ಬೀಳತೊಡಗಿದವು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟುವುದು ಆಗಿನ ಪದ್ಧತಿ. ಹೊರಡುವ ಮೊದಲು ನಮ್ಮತ್ತೆ ಈರಮ್ಮ ಬೆಳ್ಳಿ ಬಂಗಾರವನ್ನೆಲ್ಲ ಒಂದು ತಾಮ್ರದ ಡಬ್ಬಿಗೆ ತುಂಬಿ, ಹಿತ್ತಲಿನ ಹಗೇವಿನೊಳಗೆ, ತಳದಲ್ಲಿ ಉಳಿದಿದ್ದ ಜೋಳದ ಮೇಲೆ ಇಡಿಸಿದರು. ಹಗೇವೆಂದರೆ ಕಾಳು ಕೂಡಿಡುವ ಎರಡಾಳು ಆಳದ ಗುಂಡಿ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡುವುದಿಲ್ಲ. ಜೋಳ ವರ್ಷಗಟ್ಟಲೆ ಕೆಡುವುದಿಲ್ಲ.

ಡಬ್ಬಿ ಇಟ್ಟು ಚಪ್ಪಡಿ ಎಳೆದವನು ನಮ್ಮ ಹೊಲದಾಳು ಬಕ್ಕಪ್ಪ. ಅವನ ತಂದೆಯೂ ನಮ್ಮಲ್ಲೇ ದುಡಿದು ಸತ್ತವನು. ಊರ ಹೊರಗಿನ ಕೇರಿಯವನಾದ್ದರಿಂದ ಬಕ್ಕಪ್ಪ ನಮ್ಮ ಪಡಸಾಲೆ ಹತ್ತಿದವನಲ್ಲ. ಆದರೆ ಹಿತ್ತಲಿನ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತಿತ್ತು. ಇದೆಂಥ ನ್ಯಾಯ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಈ ಮನೆಯವರು ತನ್ನನ್ನು ನಂಬುತ್ತಾರೆ ಎಂಬುದು ಅವನಿಗೆ ದೊಡ್ಡ ಸಂಗತಿ. ಕೇರಿಯಲ್ಲಿ ಅದನ್ನೇ ಹೇಳಿಕೊಂಡು ಮೀಸೆ ತಿರುವುತ್ತಿದ್ದ ಎಂದು ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಅವನ ಹೆಂಡತಿ ಸಾಯಮ್ಮ ನನ್ನ ಮುಂದೆ ನಗುತ್ತಿದ್ದಳು.

ನಾವು ಗುಡಿಸಲಿನಲ್ಲಿದ್ದು ಎರಡು ತಿಂಗಳಾಗಿತ್ತು. ತಾಂಡೂರಿನಲ್ಲಿ ಕೌಶಲ್ಯಾಳ ಮೈದುನನ ಮದುವೆ ಗೊತ್ತಾಯಿತು. ಮರುದಿನ ಬೆಳಗಿಗೆ ಬಂಡಿ ಕಟ್ಟಿ ಜಹೀರಾಬಾದಿಗೆ, ಅಲ್ಲಿಂದ ರೈಲಿಗೆ ಎಂದು ನನ್ನ ಗಂಡ ಮಾಣಿಕಪ್ಪ ತೀರ್ಮಾನಿಸಿದರು. ನಾನು ಡಾಬು ಬೇಕೆಂದೆ. ಅತ್ತೆ ಸುತರಾಂ ಒಪ್ಪಲಿಲ್ಲ. ಹಗೇವು ತೆರೆದರೆ ಒಂದು ಹಗಲು ಒಂದು ರಾತ್ರಿ ಬಾಯಿ ಬಿಟ್ಟಿರಬೇಕು, ಒಳಗಿನ ಗಾಳಿ ವಿಷ, ನಿನ್ನ ಡಾಬಿಗಾಗಿ ಮದುವೆ ಕಾಯುತ್ತದೇನು ಎಂದು ಗದರಿಸಿದರು. ನಾನು ಸುಮ್ಮನಾದೆ. ಸುಮ್ಮನಾದಂತೆ ಮಾಡಿದೆ, ಅಷ್ಟೇ. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಬಕ್ಕಪ್ಪನನ್ನು ಕರೆದುಕೊಂಡು ಊರ ದಾರಿ ಹಿಡಿದೆ. ಅತ್ತೆಗೆ ಹೇಳಿಯೇ ಬಂದಿದ್ದೇನೆ ಎಂದು ಅವನಿಗೆ ಸುಳ್ಳು ಹೇಳಿದೆ.

ಊರಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಕ್ಕಪ್ಪ ಮಣ್ಣು ಕೆದರಿ ಚಪ್ಪಡಿ ಸರಿಸಿದ. ಕೊಟ್ಟಿಗೆಯ ಗೂಡಿನಿಂದ ಹಿತ್ತಾಳೆಯ ಸಣ್ಣ ದೀಪ ತಂದು ಎಣ್ಣೆ ತುಂಬಿ, ಹಚ್ಚಿ, ದಾರ ಕಟ್ಟಿ ಒಳಗೆ ಬಿಟ್ಟ. ಅರ್ಧಕ್ಕೂ ಇಳಿದಿರಲಿಲ್ಲ, ಆರಿತು. ಮತ್ತೆ ಹಚ್ಚಿ ಬಿಟ್ಟ. ಮತ್ತೆ ಆರಿತು.

“ದೀಪ ನಿಂದರವಲ್ದುರಿ ಅವ್ವಾರ. ಇವತ್ತ ಇಳಿಯಾಕ ಬರಂಗಿಲ್ರಿ,” ಅಂದ.

ಗಾಳಿಗೆ ಆರಿರಬೇಕು ಎಂದೆ. ಅವನು ತಲೆಯಾಡಿಸಿ ಚಪ್ಪಡಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ನನಗೆ ರೇಗಿತು. ಕಣ್ಣ ಮುಂದೆ ಕೌಶಲ್ಯಾ ನಗುತ್ತಿದ್ದಳು. ಆಗ ಈ ಹಾಳು ನಾಲಿಗೆಯಿಂದ ಆ ಮಾತು ಬಂತು.

“ಡಬ್ಬಿ ಒಳಗ ಅದನೋ ಇಲ್ಲೋ, ಬಕ್ಕಪ್ಪ? ಇಲ್ಲ ಅಂತಲೇ ಇಳಿಯಾಕ ಒಲ್ಲಿ ಏನು?”

ಅವನು ನನ್ನ ಮುಖ ನೋಡಿದ. ನಾನು ಸೊಸೆಯಾಗಿ ಬಂದ ದಿನ ಬಂಡಿಯಿಂದ ನನ್ನ ಗಂಟು ಇಳಿಸಿದವನು ಅವನು. ಹಗ್ಗದ ಒಂದು ತುದಿಯನ್ನು ದನ ಕಟ್ಟುವ ಗೂಟಕ್ಕೆ ಬಿಗಿದ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ, ಉಸಿರು ಬಿಗಿಹಿಡಿದು ಇಳಿದುಬಿಟ್ಟ.

ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. ಎಳೆದೆ. ಬಂದದ್ದು ಡಬ್ಬಿ. ತನ್ನ ಸೊಂಟದ ಹಗ್ಗ ಬಿಚ್ಚಿ ಅವನು ಡಬ್ಬಿಗೆ ಕಟ್ಟಿದ್ದ. ಡಬ್ಬಿ ಮೊದಲು ನನ್ನ ಕೈ ಸೇರಲಿ, ತಾನು ಕಳ್ಳನಲ್ಲ ಎಂದು ಮೊದಲು ತಿಳಿಯಲಿ ಎಂದು ಹಾಗೆ ಮಾಡಿದ. ಹಗ್ಗವನ್ನು ತಕ್ಷಣ ಕೆಳಗೆ ಬಿಡಬೇಕಿತ್ತು. ನಾನೇನು ಮಾಡಿದೆ? ಡಬ್ಬಿಯ ಮುಚ್ಚಳ ತೆಗೆದೆ. ಡಾಬು ಇತ್ತು. ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸಿದೆ. ಆಗ ಒಳಗೆ ಧೊಪ್ಪೆಂದು ಸದ್ದಾಯಿತು.

ಹಗ್ಗವನ್ನು ಒಳಗೆ ಬಿಟ್ಟೆ, ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಹಿಡಿಯುವವರು ಯಾರೂ ಇರಲಿಲ್ಲ. ಬೀದಿಗೆ ಓಡಿದರೆ ಎಲ್ಲ ಬಾಗಿಲಿಗೂ ಬೀಗ. ಹೊಲದವರೆಗೆ ಓಡಿ ಗಂಡಸರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಏನಾಯಿತೆಂದು ಎಲ್ಲರೂ ಕೇಳಿದರು. ಮದುವೆಗೆ ಸೀರೆ ತೆಗೆದುಕೊಳ್ಳಲು ಬಂದು ನಾನು ಒಳಮನೆಯಲ್ಲಿದ್ದೆ, ಅವನು ದೀಪ ಬಿಟ್ಟು ನೋಡದೆ ಅವಸರ ಮಾಡಿ ತಾನೇ ಇಳಿದ ಎಂದೆ. ಈ ಸುಳ್ಳಿಗೆ ನಾನೇನೂ ಯೋಚಿಸಬೇಕಾಗಲಿಲ್ಲ, ನೀರು ಕುಡಿದಷ್ಟು ಸುಲಭವಾಗಿ ಬಂತು. ಜನ ಅದಕ್ಕೆ ಬಾಲ ಹಚ್ಚಿದರು. ಅಂಥ ತಿಳಿದವನು ದೀಪ ಬಿಡದೆ ಇಳಿದನೆಂದರೆ, ಊರು ಖಾಲಿ ಇರುವುದು ನೋಡಿ ಬೆಳ್ಳಿಯ ಮೇಲೆ ಕಣ್ಣು ಬಿದ್ದಿರಬೇಕು ಎಂದರು. ಡಬ್ಬಿ ಮೇಲೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮಣ್ಣು ಮಾಡಿ ಮೂರು ದಿನವಾಗಿರಲಿಲ್ಲ, ಬಕ್ಕಪ್ಪ ಕಳ್ಳನಾದ. ಅದು ನನ್ನ ಕಿವಿಗೂ ಬಿತ್ತು. ಕೇಳಿಯೂ ಕೇಳದವಳಂತೆ ಇದ್ದೆ.

ತಾಂಡೂರಿನ ಮದುವೆಗೆ ನಾವು ಹೋಗಲಿಲ್ಲ. ಮಳೆಗಾಲಕ್ಕೆ ಊರು ಮತ್ತೆ ತುಂಬಿತು. ದೀಪಾವಳಿಗೆ ಕೌಶಲ್ಯಾ ಬಂದಳು, ಕೊನೆಗೂ ಡಾಬು ನೋಡಿದಳು. ಕೈಯಲ್ಲಿ ತೂಗಿ, ತಾಂಡೂರಿನಲ್ಲಿ ಇಂಥ ಹಳೇ ಕಾಲದ್ದನ್ನು ಈಗ ಯಾರೂ ಕಟ್ಟುವುದಿಲ್ಲ ಎಂದು ಮೂಗು ಮುರಿದು ವಾಪಸು ಕೊಟ್ಟಳು. ಅಷ್ಟೇ. ಇಷ್ಟಕ್ಕಾಗಿ ಒಬ್ಬ ಮನುಷ್ಯ ಹೋದ. ಅವತ್ತು ನಾನು ಊಟ ಮಾಡಲಿಲ್ಲ.

ಮರುದಿನ ಕೊಟ್ಟಿಗೆಯಲ್ಲಿ ಸಾಯಮ್ಮ ಒಬ್ಬಳೇ ಇದ್ದಾಗ ಹೋಗಿ ಆ ಡಾಬನ್ನು ಅವಳ ಮುಂದಿಟ್ಟೆ, ಇಟ್ಟುಕೋ ಎಂದೆ. ಅವಳು ಮುಟ್ಟಲಿಲ್ಲ. ಗೂಡಿನ ಸಂದಿಯಿಂದ ಚಿಂದಿಯಲ್ಲಿ ಸುತ್ತಿದ್ದ ಹಿತ್ತಾಳೆ ದೀಪ ತೆಗೆದು ತೋರಿಸಿದಳು. ದಾರ ಇನ್ನೂ ಅದಕ್ಕೆ ಕಟ್ಟಿಯೇ ಇತ್ತು. ಬತ್ತಿಯ ತುದಿ ಮಾತ್ರ ಸುಟ್ಟಿತ್ತು. ಅವನು ಸತ್ತ ಸಂಜೆ ಹಗೇವಿನ ಬಾಯಿಯ ಹತ್ತಿರ ಅದು ಅವಳಿಗೆ ಸಿಕ್ಕಿತ್ತಂತೆ. ಇಷ್ಟು ತಿಂಗಳು ನಾನೇ ಬಾಯಿ ಬಿಡಲಿ ಎಂದು ಕಾದಿದ್ದಳು.

“ಬೆಳ್ಳಿ ಒಲ್ಲೆರಿ ಅವ್ವಾರ. ಚಾವಡಿ ಮುಂದ ನಾಕ್ ಮಂದ್ಯಾಗ ಒಂದ್ ಮಾತ ಹೇಳ್ರಿ. ಅವ ದೀಪ ಬಿಟ್ಟ ನೋಡಿದ್ದ, ನೀವು ಇಳಿ ಅಂದ್ರಿ ಅಂತ. ಅಷ್ಟ ಸಾಕ್ರಿ.”

ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆ ಗಳಿಗೆಯಲ್ಲಿ ನಿಜವಾಗಿಯೂ ಹೇಳುವವಳಿದ್ದೆ.

ಸೋಮವಾರ ಮಧ್ಯಾಹ್ನ ಚಾವಡಿಯ ಕಟ್ಟೆಯ ಮೇಲೆ ದೊಡ್ಡವರೆಲ್ಲ ಸೇರಿದರು. ನಾನು ಸೆರಗು ಹೊದ್ದು ಹೊಸ್ತಿಲವರೆಗೆ ಬಂದೆ. ಗಂಡ ಎಲ್ಲಿಗೆ ಎಂದು ಕೇಳಿದರು. ಇಷ್ಟೇ ಕೇಳಿದ್ದು. ದೊಡ್ಡ ಮನೆಯ ಸೊಸೆ, ನಾಳೆ ಮಂದಿ ಏನಂದಾರು ಎಂಬುದೊಂದೇ ತಲೆಯಲ್ಲಿ. ಎಲ್ಲಿಗೂ ಇಲ್ಲ ಎಂದು ಒಳಗೆ ಬಂದೆ.

ಕಿಟಕಿಯಿಂದ ಚಾವಡಿ ಕಾಣುತ್ತಿತ್ತು. ಸಾಯಮ್ಮ ಕಟ್ಟೆಯಿಂದ ದೂರ, ನೆಲದ ಮೇಲೆ, ಮಡಿಲಲ್ಲಿ ದೀಪ ಇಟ್ಟುಕೊಂಡು ಕೂತಿದ್ದಳು. ನಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಹೊತ್ತು ಇಳಿಯಿತು. ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಅವಳೂ ಎದ್ದಳು, ನಮ್ಮ ಮನೆಯ ಕಡೆಗೇ ಬಂದಳು. ನಾನು ಗೋಡೆಗೆ ಒತ್ತಿ ನಿಂತೆ. ಅವಳು ಕರೆಯಲಿಲ್ಲ, ಬಾಗಿಲು ಬಡಿಯಲಿಲ್ಲ.

ಹೆಜ್ಜೆ ಸದ್ದು ದೂರವಾದ ಮೇಲೆ ಹೊರಗೆ ಬಂದು ನೋಡಿದೆ. ಮೆಟ್ಟಿಲ ಮೇಲೆ ದೀಪ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದಳು. ಅದು ನಮ್ಮ ಮನೆಯದಲ್ಲವೇ, ಅದಕ್ಕೇ ತಂದಿಟ್ಟು ಹೋಗಿದ್ದಳು.

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಮಕ್ಕಳನ್ನು ಕರೆದುಕೊಂಡು ಕಂಗ್ಟಿಯ ಕಡೆ ಹೋದಳು ಎಂದರು.