ನೊರೆವೈನಿನ ನಾಲ್ಕನೆಯ ತಟ್ಟೆ

೧

ಎಲ್ಲಿಂದ ಆರಂಭಿಸಲಿ? ದ್ರಾಕ್ಷಿಯಿಂದ ಆರಂಭಿಸಿದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. ಸಾವಿನಿಂದ ಆರಂಭಿಸಿದರೆ ನೀವು ಪುಟ ಮಗುಚುತ್ತೀರಿ. ಮೇಜಿನಿಂದಲೇ ಆಗಲಿ.

ಇಂಗ್ಲೆಂಡಿನ ಸಸೆಕ್ಸ್‌ನ ಸುಣ್ಣಕಲ್ಲಿನ ಗುಡ್ಡದ ಮಗ್ಗುಲಲ್ಲಿ ಒಂದು ಹಳೆಯ ಕೊಟ್ಟಿಗೆ. ನವೆಂಬರಿನ ಹಗಲು ಹನ್ನೊಂದು ಗಂಟೆ. ಕಿಟಕಿಯಲ್ಲಿ ಸೀಸದ ಬಣ್ಣದ ಬೆಳಕು. ಓಕ್ ಮರದ ಮೇಜಿನ ಮೇಲೆ ಎರಡು ಗ್ಲಾಸು. ಅವುಗಳ ತಳದಿಂದ ಗುಳ್ಳೆಗಳು ಒಂದರ ಹಿಂದೊಂದು, ಅವಸರವಿಲ್ಲದೆ, ಮೇಲೇರಿ ಇಲ್ಲವಾಗುತ್ತಿವೆ. ಒಂದು ತಟ್ಟೆಯಲ್ಲಿ ಬಾಯ್ದೆರೆದ ಆಯ್ಸ್ಟರ್ ಎಂಬ ಕಡಲಚಿಪ್ಪುಗಳು, ಇನ್ನೊಂದರಲ್ಲಿ ಹಿಟ್ಟಿನಲ್ಲದ್ದಿ ಕರಿದ ಮೀನು, ಮೂರನೆಯದರಲ್ಲಿ ಮೇಕೆಹಾಲಿನ ಚೀಸು. ನಾಲ್ಕನೆಯ ತಟ್ಟೆ ಖಾಲಿ. ಯಾರೂ ಅಲುಗುತ್ತಿಲ್ಲ.

(‘ಸೀಸದ ಬಣ್ಣ’ ಎಂಬುದು ನಮ್ಮ ಕಾಲದ ಕವಿಗಳೆಲ್ಲ ಬಳಸಿ ಸವೆಸಿದ ಮಾಲು. ಇರಲಿ, ಆ ಬೆಳಕೂ ಸವೆದದ್ದೇ.)

೨

ದ್ರಾಕ್ಷಿತೋಟದ ಒಡತಿ ವಿನಿಫ್ರೆಡ್ ಏಕ್‌ಹರ್ಸ್ಟ್, ವಯಸ್ಸು ಅರವತ್ತೆಂಟು. ಎದುರು ಕೂತವನು ಡೆಸ್ಮಂಡ್ ಟಪ್ಪನ್, ಇಪ್ಪತ್ತು ವರ್ಷದಿಂದ ಅವಳ ವೈನು ಮಾಡುವವನು. ಬಳ್ಳಿಗೆ ಔಷಧ ಹೊಡೆಯುವುದಿಲ್ಲ, ಹುಲ್ಲಿಗೆ ಯಂತ್ರ ತಾಗಿಸುವುದಿಲ್ಲ, ಕುರಿಗಳೇ ಮೇಯಬೇಕು: ಇದು ತೋಟದ ವ್ರತ. ಆರು ವರ್ಷದ ಹಿಂದಿನ ಕೊಯ್ಲಿನ ವೈನು ಈಗ ಮಾಗಿದೆ. ಅದನ್ನು ಸವಿಯಲು ನಾಳೆ ಅತಿಥಿಗಳು ಬರುತ್ತಾರೆ. ಅದರ ಜೊತೆಗೆ ಏನೇನು ಬಡಿಸಬೇಕೆಂಬ ಪಟ್ಟಿ ಇವತ್ತೇ ಆಗಬೇಕು.

“ಕರಿದ ಮೀನಿಗೆ ಹೇಳಿ ಮಾಡಿಸಿದ ಹಾಗಿದೆ, ಡೆಸ್. ಜಿಡ್ಡನ್ನೆಲ್ಲ ಗುಡಿಸಿ ಹಾಕುತ್ತೆ.”

“ಫ್ರೆಂಚರು ಕೇಳಿಸ್ಕೊಂಡ್ರೆ ಅಳ್ತಾರೆ, ಮಿಸೆಸ್ ಏಕ್‌ಹರ್ಸ್ಟ್.”

“ಅಳ್ಲಿ ಬಿಡು. ಅವರ ಕಣ್ಣೀರಿಗೂ ಒಂದು ತಿಂಡಿ ಹುಡುಕೋಣ.”

“ನಾಲ್ಕನೇದು?”

“ಕುರಿಮಾಂಸ ಬೇಡ. ಬೇರೆ ಏನಾದ್ರೂ ಹೇಳು.”

೩

ಡೆಸ್ಮಂಡನ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ಲೇಸು. ಆ ವರ್ಷ ಜುಲೈ ಪೂರ್ತಿ ಮಳೆ. ಎಲೆಗಳಡಿ ಬೂಷ್ಟು. ಬೆಳೆ ಕೈಕೊಡುತ್ತದೆಂದು ಹೆದರಿ ಅವನು, ವಿನಿಫ್ರೆಡ್ ಊರಲ್ಲಿಲ್ಲದ ಒಂದು ಭಾನುವಾರ, ಬಳ್ಳಿಗಳಿಗೆ ತಾಮ್ರದ ಔಷಧ ಹೊಡೆದ. ಬೆಳೆ ಉಳಿಯಿತು. ಆದರೆ ತಾಮ್ರ ಕುರಿಗೆ ವಿಷ. ಬಳ್ಳಿಯಡಿಯ ಹುಲ್ಲು ಮೇಯ್ದು ಹದಿಮೂರು ಕುರಿ ಸತ್ತವು.

ಸತ್ತ ಕುರಿಗಳ ಒಡಲಲ್ಲಿ ತಾಮ್ರವಿದೆಯೆಂದು ಪಶುವೈದ್ಯ ಹೇಳಿದಾಗ ವಿನಿಫ್ರೆಡ್ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು: ದನದ ಮೇವಿನಲ್ಲಿ ತಾಮ್ರ ಬೆರೆಸಿರುತ್ತಾರೆ, ಚೀಲ ಬದಲಾಗಿ, ಅದನ್ನು ಕುರಿಗಳಿಗೆ ತಿನ್ನಿಸಿದ್ದು ತಾನೇ. ಉಳಿದ ಮಂದೆಯನ್ನು ಪಕ್ಕದ ಹೊಲದವರಿಗೆ ಕೊಟ್ಟುಬಿಟ್ಟಳು; ಈಗ ತೋಟದ ಹುಲ್ಲು ಮೇಯಲು ಬರುವುದು ಅವರ ಕುರಿಗಳು. ಅಂದಿನಿಂದ ಯಾವ ಪ್ರಾಣಿಗೂ ಕೈಯಾರೆ ಉಣಿಸಿಲ್ಲ.

೪

ಕರಡು ಒಂದು: ಅವನು ಹೇಳುವುದಿಲ್ಲ. ಪಟ್ಟಿಗೆ ಹೊಗೆಯಾಡಿಸಿದ ಟ್ರೌಟ್ ಮೀನು ಸೇರುತ್ತದೆ. (ಹರಿದೆ.)

ಕರಡು ಎರಡು: ಅವಳಿಗೆ ಮೊದಲೇ ಎಲ್ಲ ಗೊತ್ತಿತ್ತು, ಅವನ ಕೈ ಹಿಡಿದು ಕ್ಷಮಿಸುತ್ತಾಳೆ. (ನಾಚಿಕೆಯಾಗಿ ಹರಿದೆ.)

ಹರಿದ ಚೂರುಗಳನ್ನು ಕಂಡು ಡೆಸ್ಮಂಡ್ ಕಥೆ ಬರೆಯುತ್ತಿದ್ದ ನನ್ನ ಮೇಲೆಯೇ ಹರಿಹಾಯ್ದ.

“ಮೊದಲನೇದೇ ಇರ್ಲಿ ಸ್ವಾಮಿ. ನಿಮ್ಮ ಗಂಟೇನು ಹೋಗುತ್ತೆ?”

“ಆಕೆ ಆರು ವರ್ಷದಿಂದ ತನ್ನ ಕೈಯನ್ನೇ ನಂಬ್ತಿಲ್ಲವಲ್ಲಯ್ಯಾ.”

“ಹನ್ನೆರಡು ಸಾವಿರ ಬಾಟಲಿ ಮೇಲೆ ‘ಔಷಧ ಮುಟ್ಟಿಸಿಲ್ಲ’ ಅಂತ ಲೇಬಲ್ ಅಂಟಿಸಿ ಆಗಿದೆ. ನಾನು ಬಾಯಿಬಿಟ್ಟರೆ ತೋಟವೇ ಮುಳುಗುತ್ತೆ. ಬಂದು ಕೀಳ್ತೀರಾ ಅಷ್ಟನ್ನೂ?”

ಪೆನ್ನಿಗೆ ಮುಚ್ಚಳ ಹಾಕಿದೆ. ಮುಂದಿನದನ್ನು ಬರೆದವನು ನಾನಲ್ಲ, ಕೇಳಿಸಿಕೊಂಡೆ, ಅಷ್ಟೆ.

೫

“ಚೀಲ ಬದಲಾಗಿರ್ಲಿಲ್ಲ,” ಎಂದ ಡೆಸ್ಮಂಡ್.

“ಯಾವ ಚೀಲ?”

“ಮೇವಿಂದು. ತಾಮ್ರ ಇದ್ದದ್ದು ಬಳ್ಳಿ ಮೇಲೆ. ನೀವು ತಂಗಿ ಮನೆಗೆ ಹೋಗಿದ್ದಾಗ ನಾನೇ ಹೊಡ್ದೆ.”

ವಿನಿಫ್ರೆಡ್ ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ದಿನಾ ಬೆಳಿಗ್ಗೆ ನನ್ನೆದುರು ಕೂತು ಟೀ ಕುಡಿದ್ಯಲ್ಲೋ, ಡೆಸ್.”

“ಹೌದು.”

“ಒಂದು ದಿನಾನೂ ಗಂಟಲಿಗೆ ಸಿಕ್ಕಿಹಾಕ್ಕೊಳ್ಳಲಿಲ್ವಾ?”

ಅವಳು ಗ್ಲಾಸೆತ್ತಿ ಒಂದು ಗುಟುಕು ಕುಡಿದಳು.

“ವೈನು ಚೆನ್ನಾಗಿದೆ,” ಎಂದಳು. “ಹೊಟ್ಟೆ ಉರಿಯೋದು ಅದಕ್ಕೇ.”

೬

ಇನ್ನು ಮುಕ್ತಾಯಗಳು. ಅವಳು ಲೇಬಲ್ಲುಗಳನ್ನು ಕೀಳಿಸಬಹುದು. ಸುಮ್ಮನಿದ್ದು, ಆ ಸುಳ್ಳಿನಲ್ಲಿ ಪಾಲುದಾರಳಾಗಬಹುದು. ಡೆಸ್ಮಂಡನನ್ನು ಇಂದೇ ಹೊರಗೆ ಹಾಕಬಹುದು. ಮೂರಕ್ಕೂ ನನ್ನಲ್ಲಿ ವಾಕ್ಯಗಳಿವೆ. ಮೂರೂ ಚೆನ್ನಾಗಿವೆ, ಆದ್ದರಿಂದಲೇ ಅನುಮಾನ. ವಿನಿಫ್ರೆಡ್ ಎದ್ದು ಕೋಟು ತೊಟ್ಟಳು.

“ಎಲ್ಲಿಗಮ್ಮಾ?” ಎಂದೆ. “ಅತಿಥಿಗಳಿಗೆ ಏನು ಹೇಳ್ತೀರಿ?”

“ನಿಮಗ್ಯಾಕ್ರೀ ಅದು?” ಎಂದಳು, ತಿರುಗಿಯೂ ನೋಡದೆ.

ಡೆಸ್ಮಂಡನನ್ನೂ ನನ್ನನ್ನೂ ಒಳಗೇ ಬಿಟ್ಟು, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.