ಚೌಕಾಸಿಯ ಕೇಬಲ್ಲು

ಮೂರನೆಯ ಸಾಲಿನ ಮೊಟ್ಟೆ ಟ್ರೇಯನ್ನು ಗೋಡೆಯಿಂದ ಕಿತ್ತಾಗ ಅದರ ಹಿಂದಿನಿಂದ ಜಿರಳೆಗಳು ಪಟಪಟನೆ ಉದುರಿದವು. ಒಂದೆರಡಲ್ಲ, ಒಂದು ದೊಡ್ಡ ಸಂಸಾರ. ಅದರಲ್ಲೊಂದು ಅವನ ಅಂಗಿಯ ತೋಳಿನೊಳಗೆ ನುಗ್ಗಿತು. ಅವನು ಕುರ್ಚಿಯ ಮೇಲೆ ನಿಂತಲ್ಲೇ ಕೈ ಕೊಡವುತ್ತ ಕುಣಿದ. ಬಾಗಿಲಲ್ಲಿ ಪೊರಕೆ ಹಿಡಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಹೆಂಡತಿಗೆ ನಗುವೂ ಬರಲಿಲ್ಲ. ಟ್ರೇಯ ಹಿಂಬದಿಯಲ್ಲಿ ಎಂದೋ ಒಡೆದ ಮೊಟ್ಟೆಯ ಲೋಳೆ ಒಣಗಿ ಹಳದಿ ಹಕ್ಕಳೆ ಕಟ್ಟಿತ್ತು. ಆ ಕೋಣೆಯ ವಾಸನೆ ಎಲ್ಲಿಂದ ಬರುತ್ತಿತ್ತೆಂದು ನಾಲ್ಕು ವರ್ಷಗಳ ಮೇಲೆ ಇಬ್ಬರಿಗೂ ಗೊತ್ತಾಯಿತು.

"ಇದರ ಪಕ್ಕ ನಿಂತು ದಿನಾ ಬಾಯಿ ತೆರೆದು ಓದಿದೀನಲ್ರೀ ನಾನು," ಎಂದಳು ಅವಳು.

ಅವನಿಗೆ ಸ್ನೇಹಿತರ ನಡುವೆ ಡಿಸ್ಕೌಂಟು ಎಂದೇ ಹೆಸರು. ಅದನ್ನು ಅವನು ಬಿರುದು ಎಂದು ತಿಳಿದಿದ್ದ. ಮನೆಯ ಹಿಂದಿನ ಕೋಣೆಯನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡು, ಹೊಸದಾಗಿ ಹಾಡು ಕಲಿತವರ ಹಾಡು, ಅಂಗಡಿಗಳ ಜಾಹೀರಾತು, ಏನು ಸಿಕ್ಕಿದರೂ ಅಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ. ಸದ್ದು ತಡೆಯಲೆಂದು ಗೋಡೆಗೆ ಅಂಟಿಸಿದ್ದ ಟ್ರೇಗಳು ಬೇಕರಿಯೊಂದರ ಹಿಂಬಾಗಿಲಲ್ಲಿ ಪುಕ್ಕಟೆ ಸಿಕ್ಕಿದ್ದವು. ಅವು ಹೊರಗಿನ ಸದ್ದನ್ನು ತಡೆಯುವುದಿಲ್ಲ ಎಂದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತಿತ್ತು. ಆದರೆ ಪುಕ್ಕಟೆ ಅಂದರೆ ಅವನ ಕೈ ತಾನಾಗಿಯೇ ಚಾಚಿಕೊಳ್ಳುತ್ತಿತ್ತು.

ಈಗ ಕಿತ್ತೆಸೆಯಲು ಕಾರಣ, ಹಿಂದಿನ ದಿನ ಬಂದುಹೋದ ಒಬ್ಬ ಹೆಂಗಸು. ಶಾಲೆಯ ಪಾಠಗಳನ್ನು ಓದಿಸಿ ಮಕ್ಕಳಿಗೆ ಕೇಳಿಸುವ ಸಂಸ್ಥೆಯೊಂದರ ಅಧಿಕಾರಿ ಆಕೆ. ಹೆಂಡತಿ ಓದಿದ್ದ ಜಾಹೀರಾತೊಂದನ್ನು ಎಲ್ಲೋ ಕೇಳಿ, ದನಿ ಮೆಚ್ಚಿಕೊಂಡು ಹುಡುಕಿಕೊಂಡು ಬಂದಿದ್ದಳು. ಕೋಣೆಯೊಳಗೆ ಕಾಲಿಟ್ಟವಳೇ ಮೂಗು ಮುಚ್ಚಿದಳು. ಒಂದು ಪುಟ ಓದಿಸಿ ಕೇಳಿ, ಕೋಣೆಯೂ ಆಗದು, ಮೈಕೂ ಆಗದು, ದನಿ ಮಾತ್ರ ಇದೇ ಬೇಕು ಎಂದಳು. ಹತ್ತು ದಿನ ಬಿಟ್ಟು ಸಂಜೆ ಐದಕ್ಕೆ ಬರುತ್ತೇನೆ, ಒಳ್ಳೆಯ ಮೈಕಿನಲ್ಲಿ ಒಂದು ಪಾಠ ಸಿದ್ಧವಿಟ್ಟಿರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದಳು. ಒಪ್ಪಿಗೆಯಾದರೆ ಎರಡು ವರ್ಷದ ಕೆಲಸ. ಹೆಂಡತಿ ಟೆಲಿಫೋನ್ ಕಂಪನಿಯ ದೂರು ವಿಭಾಗದಲ್ಲಿ ಕೂತು ದಿನವಿಡೀ ಗುರುತಿಲ್ಲದವರಿಂದ ಬೈಸಿಕೊಳ್ಳುತ್ತಿದ್ದಳು. ಆ ಕುರ್ಚಿಯಿಂದ ಎದ್ದು ಬರಲು ಅವಳಿಗೆ ಇದ್ದದ್ದು ಇದೊಂದೇ ದಾರಿ.

ಕೋಣೆಯದ್ದು ಕಷ್ಟವಾಗಲಿಲ್ಲ. ಅವಳು ಗೋಡೆ ತೊಳೆದಳು, ಹಳೆಯ ರಜಾಯಿಗಳನ್ನು ಒಗೆದು ಹೊಲಿದು ಮರದ ಚೌಕಟ್ಟುಗಳಿಗೆ ಬಿಗಿದಳು. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಬಂತು. ಉಳಿದದ್ದು ಮೈಕು. ಅಂಗಡಿಯಲ್ಲಿ ಬೆಲೆ ಕೇಳಿ ಬಂದ ಡಿಸ್ಕೌಂಟು ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಅವನಿಗೆ ಮೇಷ್ಟ್ರ ಮೈಕು ನೆನಪಾಯಿತು.

ಮೇಷ್ಟ್ರು ಅಂದರೆ ಅವನಿಗೆ ಈ ಕೆಲಸ ಕಲಿಸಿದವರು. ಆರು ವರ್ಷ ಅವರ ಮನೆಯ ಸ್ಟುಡಿಯೋದಲ್ಲಿ ಬೆಳೆದಿದ್ದ. ಕೇಬಲ್ಲನ್ನು ಮೊಣಕೈಗೆ ಸುತ್ತಬಾರದು, ಒಳಗಿನ ತಂತಿ ಸಾಯುತ್ತದೆ, ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಿ ಕರಿಯ ಲಾಡಿಯಲ್ಲಿ ಕಟ್ಟಬೇಕು ಎಂದು ಕಲಿಸಿದವರು ಅವರೇ. ಆ ಮನೆಯಲ್ಲಿ ಕೇಬಲ್ಲು ಕೆಟ್ಟದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಮೇಷ್ಟ್ರು ದುಬಾರಿ ಮಾಲು ತರಿಸುತ್ತಾರೆ ಎಂದುಕೊಂಡಿದ್ದ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಸಾಮಾನನ್ನೆಲ್ಲ ಒಂದೊಂದಾಗಿ ಮಾರಿ, ಮೈಕೊಂದನ್ನು ಮಾತ್ರ ಇಟ್ಟುಕೊಂಡಿದ್ದರು. ಈಗ ಮನೆ ಖಾಲಿ ಮಾಡಿ ತಮ್ಮನ ಮನೆಗೆ ಹೋಗುತ್ತಾರೆ, ಮೈಕೂ ಮಾರಾಟಕ್ಕಿದೆ ಎಂದು ಸುದ್ದಿ ಬಂತು.

ಡಿಸ್ಕೌಂಟಿನ ಚೀಲದಲ್ಲಿ ಒಂದು ಕೇಬಲ್ಲು ಯಾವಾಗಲೂ ಇರುತ್ತಿತ್ತು. ಹೊರಗಿನಿಂದ ನೋಡಿದರೆ ಹೊಚ್ಚ ಹೊಸದು. ಆದರೆ ತುದಿಯ ಹಿಡಿಯನ್ನು ಬಿಚ್ಚಿ, ಬೇಡದ ಸದ್ದನ್ನು ತಡೆಯುವ ಒಳಗಿನ ಜಾಲರಿ ತಂತಿಯನ್ನು ಕತ್ತರಿಯಿಂದ ಕತ್ತರಿಸಿ, ಎರಡೇ ಎಳೆ ಉಳಿಸಿ ಮತ್ತೆ ಮುಚ್ಚಿದ್ದ. ಸ್ವಲ್ಪ ಬಗ್ಗಿಸಿದರೆ ಸಾಕು, ಯಾವ ಮೈಕು ಹಾಕಿದರೂ ಗುಂಯ್ ಎನ್ನುತ್ತಿತ್ತು. ಹಳೆಯ ಸಾಮಾನು ಕೊಳ್ಳುವಾಗ ಅದನ್ನು ಸಿಕ್ಕಿಸಿ, ಮಾರುವವನಿಗೆ ಕೇಳಿಸಿ, ತಲೆ ಅಲ್ಲಾಡಿಸಿ, ಬೆಲೆ ಅರ್ಧಕ್ಕಿಳಿಸುವುದು. ಈ ವಿದ್ಯೆಯನ್ನು ಅವನು ಸ್ನೇಹಿತರ ಮುಂದೆ ನಗುನಗುತ್ತ ಹೇಳಿಕೊಂಡದ್ದೂ ಉಂಟು. ಮೇಷ್ಟ್ರ ಮನೆಗೆ ಹೊರಟಾಗ ಅದನ್ನು ಚೀಲದಿಂದ ತೆಗೆದಿಡಲು ಅವನಿಗೆ ಇಡೀ ಬೆಳಗಿನ ಹೊತ್ತು ಇತ್ತು. ತೆಗೆದಿಡಲಿಲ್ಲ.

ಮೇಷ್ಟ್ರ ಹೆಂಡತಿ ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಸಾಮಾನು ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಕೂರಿಸಿದರು, ಚಹಾ ಕೊಟ್ಟರು, ಹೆಂಡತಿ ಹೇಗಿದ್ದಾಳೆ, ಈಗಲೂ ಓದುತ್ತಾಳಾ ಎಂದು ವಿಚಾರಿಸಿದರು. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದ, ತಳದಲ್ಲಿ ಉಳಿದ ಗಸಿಯನ್ನು ಬೆರಳಿನಿಂದ ಬಳಿದು ನೆಕ್ಕಿದ. ಅವರು ಒಳಗಿನಿಂದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಮೈಕು ತಂದು ಮಡಿಲಲ್ಲಿಟ್ಟುಕೊಂಡು ಬಿಚ್ಚಿದರು. ಜಾಲರಿಯ ಮೇಲೆ ಒಂದು ಕಣ ದೂಳಿರಲಿಲ್ಲ. ಅವರು ಹೇಳಿದ ಬೆಲೆ ನ್ಯಾಯವಾದದ್ದೇ, ಅಂಗಡಿಯ ಬೆಲೆಯ ಅರ್ಧವೂ ಇರಲಿಲ್ಲ. ಆ ದುಡ್ಡು ಅವನ ಜೇಬಿನಲ್ಲಿ ಇತ್ತು. ಕೊಟ್ಟು ಎದ್ದು ಬರಬಹುದಿತ್ತು.

"ಒಂದ್ಸಲ ಕೇಳಿಬಿಡೋಣಮ್ಮ," ಎಂದು ಅವನು ತನ್ನ ಪುಟ್ಟ ರೆಕಾರ್ಡಿಂಗ್ ಯಂತ್ರವನ್ನು ಹೊರತೆಗೆದು ಆ ಕೇಬಲ್ಲನ್ನು ಸಿಕ್ಕಿಸಿದ. ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿ ಹಿಡಿದು, ಹೆಡ್‌ಫೋನನ್ನು ಆ ವಯಸ್ಸಾದ ಹೆಂಗಸಿನ ಕಿವಿಗೆ ತಾನೇ ಹಾಕಿದ.

ಗುಂಯ್ ಎಂಬ ಸದ್ದಿಗೆ ಅವರ ಮುಖ ಇಳಿದುಹೋಯಿತು. ಅವರು ಮೈಕನ್ನು ದೂರಲಿಲ್ಲ, ಕೇಬಲ್ಲಿನ ಮೇಲಂತೂ ಸಂಶಯವನ್ನೇ ಪಡಲಿಲ್ಲ, ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಕಳೆದ ಮಳೆಗಾಲದಲ್ಲಿ ಬೀರುವಿನಲ್ಲಿ ತೇವವಿತ್ತು, ನಾನು ಗಮನಿಸಲಿಲ್ಲ, ಅವರಿದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಇಷ್ಟಾದ ಮೇಲಾದರೂ ಮನುಷ್ಯನಾದವನು ಬಾಯಿಬಿಡಬೇಕಿತ್ತು. ಇವನು ಲೊಚಗುಟ್ಟಿದ.

"ಇದನ್ನ ಬೇರೆ ಯಾರೂ ಮುಟ್ಟಲ್ಲಮ್ಮ. ಮೇಷ್ಟ್ರ ಮೈಕು ಅಂತ ನಾನು ತಗೋತೀನಿ."

ಥೂ! ಆ ಮಾತು ಹೇಳುವಾಗ ಅವನ ಕಣ್ಣಲ್ಲಿ ನೀರು ಕೂಡ ಬಂದಿತ್ತು. ಕೊನೆಗೆ ಅವರು ಹೇಳಿದ್ದ ಬೆಲೆಯ ಕಾಲು ಭಾಗಕ್ಕೆ ಮೈಕು ಅವನದಾಯಿತು. ಕೆಟ್ಟದ್ದಕ್ಕೆ ದುಡ್ಡು ಯಾಕಪ್ಪ, ಹಾಗೇ ತಗೊಂಡು ಹೋಗು ಎಂದು ಅವರು ಎರಡು ಸಲ ಹೇಳಿದರು. ಪುಕ್ಕಟೆ ಬೇಡವೆಂದು ಆ ಕಾಲು ಭಾಗ ಕೊಟ್ಟು ಅವನು ದೊಡ್ಡವನಾದ. ಅವರ ಮನಸ್ಸು ಬದಲಾದೀತು ಎಂಬ ಭಯಕ್ಕೆ ಮೈಕನ್ನು ಎದೆಗೆ ಅವುಚಿಕೊಂಡು, ಚೀಲದ ಜಿಪ್ಪನ್ನೂ ಎಳೆಯದೆ, ಮೆಟ್ಟಿಲಿಳಿದು ಓಡಿದ. ಕೇಬಲ್ಲು ಅವರ ಮೇಜಿನ ಕೆಳಗೇ ಉಳಿಯಿತು.

ಮನೆಗೆ ಬಂದು ಹೆಂಡತಿಗೆ ಬೇರೆ ಕಥೆ ಹೇಳಿದ. ಮೈಕಿನಲ್ಲಿ ದೋಷವಿತ್ತಂತೆ, ಇನ್ನಾರಾದರೂ ಆಗಿದ್ದರೆ ಬಿಟ್ಟು ಬರುತ್ತಿದ್ದರಂತೆ, ತಾನು ಕೂತು ರಿಪೇರಿ ಮಾಡಿದನಂತೆ. ಅವಳು ಮೈಕಿನ ಮುಂದೆ ನಿಂತು ನಾಲ್ಕು ಸಾಲು ಓದಿ, ಹೆಡ್‌ಫೋನಿನಲ್ಲಿ ಕೇಳಿಕೊಂಡಳು. ಹಳೆಯ ಮೈಕು ನುಂಗಿಹಾಕುತ್ತಿದ್ದುದೆಲ್ಲ ಇದರಲ್ಲಿ ಕೇಳಿಸುತ್ತಿತ್ತು. ಉಸಿರು, ತುಟಿ ಬಿಡಿಸಿದ ಸದ್ದು, ಹಲ್ಲಿಗೆ ನಾಲಿಗೆ ತಾಗಿದ್ದು. ತನ್ನ ದನಿ ಇಷ್ಟು ಚೆನ್ನಾಗಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಸರಿಹೋಯಿತಲ್ಲ, ಆ ಅಮ್ಮನಿಗೆ ಇನ್ನಷ್ಟು ಕೊಟ್ಟು ಬನ್ನಿ ಎಂದಳು. ರಿಪೇರಿಯ ಶ್ರಮಕ್ಕೆ ಲೆಕ್ಕವಿಲ್ಲವೇ ಎಂದು ಅವನು ರೇಗಿದ. ಕೇಬಲ್ಲು ಚೀಲದಲ್ಲಿಲ್ಲ ಎಂದು ಮಾರನೆಯ ದಿನ ಗೊತ್ತಾದಾಗ, ಹಾಳು ಕೇಬಲ್ಲು, ಅಲ್ಲೇ ಬಿದ್ದಿರಲಿ, ಇನ್ನೊಂದನ್ನು ಕತ್ತರಿಸಿಕೊಂಡರಾಯಿತು ಎಂದುಕೊಂಡ.

ಹತ್ತನೆಯ ದಿನ ಮಧ್ಯಾಹ್ನ ಅವಳು ರಜೆ ಹಾಕಿ, ಬಿಸಿನೀರು ಕುಡಿದು, ಹಿಂದಿನ ದಿನವಷ್ಟೇ ಸಂಸ್ಥೆಯಿಂದ ಬಂದಿದ್ದ ಪಾಠದ ಹಾಳೆಗಳನ್ನು ಜೋಡಿಸಿಕೊಂಡು ಮೈಕಿನ ಮುಂದೆ ನಿಂತಳು. ಗಂಟೆ ನಾಲ್ಕಾಗಲು ಹತ್ತು ನಿಮಿಷವಿತ್ತು. ಆಗ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಮೇಷ್ಟ್ರ ಹೆಂಡತಿ. ಎರಡು ಬಸ್ಸು ಬದಲಿಸಿ ಬಂದಿದ್ದರು. ಬೆವರಿದ್ದರು. ನಾಳೆ ತಮ್ಮನ ಮನೆಗೆ ಹೊರಡುತ್ತೇನೆ, ನಿನ್ನ ಸಾಮಾನು ನನ್ನಲ್ಲಿ ಉಳಿದುಹೋಗಬಾರದಲ್ಲ ಎಂದು ಬಟ್ಟೆಯ ಚೀಲದಿಂದ ಕೇಬಲ್ಲು ತೆಗೆದರು.

ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ, ಕರಿಯ ಲಾಡಿ ಕಟ್ಟಿತ್ತು. ಮೇಷ್ಟ್ರು ಸುತ್ತಿದ ಹಾಗೇ ಇತ್ತು.

"ಜಾಲರಿ ತಂತಿ ಬಿಟ್ಟಿತ್ತು ಕಣಪ್ಪ, ಎರಡೇ ಎಳೆ ಉಳಿದಿತ್ತು," ಎಂದರು ಅವರು. "ಬೆಸುಗೆ ಹಾಕಿದೀನಿ. ಇನ್ನು ಗುಂಯ್ ಅನ್ನಲ್ಲ."

"ನೀವೇ ಹಾಕಿದ್ರಾ ಅಮ್ಮ?" ಎಂದು ಕೇಳಿದ್ದು ಹೆಂಡತಿ.

"ಅವರ ಕೈ ಮೊದಲಿಂದಲೂ ನಡುಗ್ತಿತ್ತಲ್ಲಮ್ಮ. ಇಪ್ಪತ್ತೆರಡು ವರ್ಷ ಆ ಸ್ಟುಡಿಯೋದ ಕೇಬಲ್ಲೆಲ್ಲ ಅಡುಗೆಮನೆಯಲ್ಲಿ ಕೂತು ನಾನೇ ಬೆಸೀತಿದ್ದೆ. ಇವನಿಗೆ ಗೊತ್ತಿರಬೇಕು."

ಇವನಿಗೆ ಗೊತ್ತಿರಲಿಲ್ಲ. ಆರು ವರ್ಷ ಆ ಅಡುಗೆಮನೆಯ ಚಹಾ ಕುಡಿದಿದ್ದ, ಒಂದು ಸಲವೂ ಒಳಗೆ ಇಣುಕಿರಲಿಲ್ಲ.

ಒಂದ್ಸಲ ಹಾಕಿ ನೋಡು ಎಂದು ಅವರೇ ಹೇಳಿದರು. ಅವನು ಲಾಡಿ ಬಿಚ್ಚಿ ಮೇಜಿನ ಮೇಲಿಟ್ಟು, ಮೈಕಿಗೆ ಆ ಕೇಬಲ್ಲು ಸಿಕ್ಕಿಸಿದ. ಅವರು ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ತುದಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಕೇಳಿದರು. ಸದ್ದಿಲ್ಲ. ಮೈಕನ್ನು ಒಮ್ಮೆ ಮುಟ್ಟಿದರು. ಹೆಡ್‌ಫೋನು ತೆಗೆದು ಅವನ ಮುಖ ನೋಡಿದರು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಜಗಳಕ್ಕೆ ಅವನಲ್ಲಿ ಮಾತಿತ್ತು, ಬೆಲೆ ಸೇರಿಸಿ ಕೊಡಿ ಅಂದಿದ್ದರೆ ಚೌಕಾಸಿಗೂ ಮಾತಿತ್ತು.

"ಮೈಕು ಕೆಟ್ಟಿಲ್ಲ ಅಂತ ಗೊತ್ತಾಯ್ತಲ್ಲ, ನನಗೆ ಅಷ್ಟು ಸಾಕು," ಎಂದರು ಅವರು. ಹೆಂಡತಿಯ ಕೆನ್ನೆ ಮುಟ್ಟಿ, ಚೆನ್ನಾಗಿ ಓದು ಮಗಳೇ ಎಂದರು. ನೀರು ಕೂಡ ಕುಡಿಯದೆ, ಮತ್ತೆ ಬಸ್ಸು ಸಿಗುವುದಿಲ್ಲ ಎಂದು ಹೊರಟುಹೋದರು.

ಹೆಂಡತಿ ಗೇಟಿನವರೆಗೆ ಹೋಗಿ ಬಂದು ಕೋಣೆಯ ಬಾಗಿಲು ಹಾಕಿದಳು. ಅವನು ಆಗಲೇ ಯಂತ್ರದ ಮುಂದೆ ಕೂತು, ಹೊತ್ತಾಗುತ್ತಿದೆ, ಬೇಗ ಶುರು ಮಾಡು, ಐದಕ್ಕೆ ಆಕೆ ಬಂದುಬಿಡುತ್ತಾಳೆ ಎಂದು ಗಡಿಬಿಡಿ ಮಾಡಿದ. ಅವಳು ಪಾಠದ ಹಾಳೆಗಳನ್ನು ಎತ್ತಲಿಲ್ಲ. ಜಿರಳೆ ಉದುರಿದ ದಿನ ಟ್ರೇಯ ಹಿಂಬದಿಯನ್ನು ನೋಡಿದ್ದಳಲ್ಲ, ಅದೇ ಮುಖ ಮಾಡಿಕೊಂಡು ಅವನನ್ನು ನೋಡುತ್ತಿದ್ದಳು.

"ನೀವು ರಿಪೇರಿ ಮಾಡಿದ್ದು ಏನನ್ನ?"

ಅವನು ಗಡಿಯಾರ ತೋರಿಸಿದ. ಈ ಕೆಲಸ ಹೋದರೆ ಸೋಮವಾರ ಮತ್ತೆ ಅದೇ ಕುರ್ಚಿಗೆ ಹೋಗಿ ಕೂರಬೇಕು ನೀನು ಎಂದ. ಅವಳಿಗೆ ಗೊತ್ತಿತ್ತು. ಮೈಕಿನ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ, ತಂದು ಅವನ ಬಾಯಿಗೆ ಸರಿಯಾಗಿ ನಿಲ್ಲಿಸಿದಳು. ಹೆಡ್‌ಫೋನು ತಾನು ಹಾಕಿಕೊಂಡಳು. ಬಗ್ಗಿ ರೆಕಾರ್ಡಿನ ಗುಂಡಿ ಒತ್ತಿದಳು.

"ಈಗ ಹೇಳಿ. ಕೆಟ್ಟಿದ್ದು ಯಾವುದು?"

ಕೋಣೆ ಬಹಳ ಚೆನ್ನಾಗಿ ಸಿದ್ಧವಾಗಿತ್ತು. ರಜಾಯಿಗಳೂ ಕಿಟಕಿಯ ರಬ್ಬರ್ ಪಟ್ಟಿಯೂ ಬೀದಿಯ ಸದ್ದನ್ನೆಲ್ಲ ಹೊರಗೇ ನಿಲ್ಲಿಸಿದ್ದವು. ಕೇಬಲ್ಲು ಗುಂಯ್ ಎನ್ನಲಿಲ್ಲ. ಯಂತ್ರದ ಪರದೆಯ ಮೇಲೆ, ದನಿ ಬಂದಾಗ ಏರುವ ಹಸಿರು ಗೆರೆ ನೆಟ್ಟಗೆ, ಅಲುಗದೆ ಓಡುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ. ಆಮೇಲೆ ಉಗುಳು ನುಂಗಿದ. ಹಸಿರು ಗೆರೆ ಒಂದು ಸಲ ಮೇಲೆದ್ದು ಮತ್ತೆ ಮಲಗಿತು. ಅವಳು ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ, ಕರಿಯ ಲಾಡಿಯ ಪಕ್ಕ ಇಟ್ಟಳು.